ಮಹೇಶ, ವ್ಯಾನ್ ಮಾರಬೇಡ

ಕೋಥರೂಡ, ಪುಣೆ

ಪ್ರೀತಿಯ ಮಹೇಶ,

ನಿನ್ನ ಮೆಸೇಜು ರಾತ್ರಿ ಹನ್ನೊಂದಕ್ಕೆ ಬಂತು. "ಸ್ಟುಟ್‌ಗಾರ್ಟ್ ಪಕ್ಕಾ ಆಯ್ತು. ವ್ಯಾನ್ ಮಾರಿ ಹೋಗಲಾ, ತಗೊಂಡು ಹೋಗಲಾ?" ಎರಡೇ ಸಾಲು. ಇಂಗ್ಲೆಂಡ್ ಬಿಟ್ಟು ಜರ್ಮನಿಗೆ ಹೊರಟಿದ್ದೀಯ, ಪ್ರಶ್ನೆ ಮಲಗಲು, ಅಡುಗೆ ಮಾಡಲು ಬರುವ ಹಾಗೆ ಕಟ್ಟಿದ ನಿನ್ನ ಕ್ಯಾಂಪರ್ ವ್ಯಾನಿನದು. ನಾನೂ ಎರಡು ಸಾಲಿನಲ್ಲೇ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಬೆಳಿಗ್ಗೆ ಇಲ್ಲಿ ಗಾಡಿಗಳ ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆಯ ಪಕ್ಕದ ಟೇಕಡಿ, ಅಂದರೆ ಗುಡ್ಡ, ಹತ್ತಿ ಇಳಿಯುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಅದಕ್ಕೇ ಈ ಪತ್ರ. ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಕೆಲವರು ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮಾರಬೇಡ. ನೀನು ಎರಡು ಚಳಿಗಾಲ ಕೂತು ಕೈಯಾರೆ ಕಟ್ಟಿದ ಗಾಡಿ ಅದು. ಆದರೆ ಹಡಗಿನ ಟಿಕೆಟ್ ತೆಗೆಯುವ ಮೊದಲು ನಾನು ಹೇಳುವುದನ್ನು ಪೂರ್ತಿ ಕೇಳು. 2021ರಲ್ಲಿ ನಾನು ಇಂಗ್ಲೆಂಡಿನ ಕೊವೆಂಟ್ರಿಯಿಂದ ಅದೇ ಊರಿಗೆ ನನ್ನ ಟ್ರಾನ್ಸಿಟ್ ವ್ಯಾನ್ ಒಯ್ದಾಗ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲ.

ಮೊದಲು ಇಂಗ್ಲೆಂಡಿನ ಕಾಗದದ ವಿಷಯ. ನಿನ್ನ ಲಾಗ್‌ಬುಕ್, ಅಂದರೆ ವಿ5ಸಿ ಅನ್ನುವ ನೋಂದಣಿ ಪತ್ರ, ತೆಗೆದು ಬಾಡಿ ಟೈಪ್ ಏನಿದೆ ನೋಡು. ಬಹುಶಃ "ಕಿಟಕಿ ಇರುವ ವ್ಯಾನ್" ಅಂತ ಇರುತ್ತದೆ. "ಮೋಟರ್ ಕ್ಯಾರವಾನ್" ಅಂತ ಬರೆಸಬೇಕಾದರೆ ಅಲ್ಲಿಯ ವಾಹನ ನೋಂದಣಿ ಕಚೇರಿ ಡಿವಿಎಲ್‌ಎ ಗಾಡಿಯ ಹೊರಗಿನ ರೂಪವನ್ನೂ ನೋಡುತ್ತದೆ: ಒಂದು ಪಕ್ಕಕ್ಕಾದರೂ ಎರಡು ಕಿಟಕಿ, ವಾಸದ ಭಾಗಕ್ಕೆ ಬೇರೆ ಬಾಗಿಲು, ಎತ್ತರದ ಗಟ್ಟಿ ಚಾವಣಿ, ಹೊರಗೆ ನೆರಳುಬಟ್ಟೆ ಕಟ್ಟುವ ಪಟ್ಟಿ, ಎರಡೂ ಪಕ್ಕ ಕ್ಯಾಂಪರಿನಂಥ ಚಿತ್ರಪಟ್ಟಿ. ಮೇಲಕ್ಕೆ ಎತ್ತುವ ಮಡಚು ಚಾವಣಿ ಇದ್ದರೆ ಅದನ್ನು ಎತ್ತರದ ಚಾವಣಿ ಅಂತ ಲೆಕ್ಕ ಹಿಡಿಯುವುದಿಲ್ಲ. ಒಳಗೆ ನೀನು ಅರಮನೆ ಕಟ್ಟಿದ್ದರೂ ಹೊರಗಿನಿಂದ ವ್ಯಾನಿನ ಹಾಗೆ ಕಂಡರೆ ಕಾಗದದಲ್ಲಿ ಅದು ವ್ಯಾನೇ. ಅದಕ್ಕಾಗಿ ಬೇಜಾರು ಬೇಡ. ಜರ್ಮನಿಯವರು ನೋಡುವುದು ಒಳಗೆ.

ಅಲ್ಲಿ ಇದಕ್ಕೆ ವೋನ್‌ಮೋಬಿಲ್ ಅನ್ನುತ್ತಾರೆ. ಯುರೋಪಿನ ನಿಯಮ ಕೇಳುವುದು ಇಷ್ಟೇ: ಕೂರಲು ಸೀಟು ಮತ್ತು ಮೇಜು, ಮಲಗುವ ಜಾಗ, ಅಡುಗೆಯ ವ್ಯವಸ್ಥೆ, ಸಾಮಾನು ಇಡುವ ಕಪಾಟು. ಸೀಟನ್ನೇ ಬಿಚ್ಚಿ ಹಾಸಿಗೆ ಮಾಡಿದರೂ ನಡೆಯುತ್ತದೆ. ಮೇಜನ್ನು ಎತ್ತಿಡಬಹುದು. ಉಳಿದದ್ದೆಲ್ಲ ಗಾಡಿಗೆ ಗಟ್ಟಿಯಾಗಿ ಕೂರಿಸಿರಬೇಕು. ನಾನು ತಪ್ಪಿದ್ದು ಈ "ಕೂರಿಸಿರಬೇಕು" ಅನ್ನುವ ಮಾತಿನಲ್ಲಿ.

ಸ್ಟುಟ್‌ಗಾರ್ಟ್ ಊರಾಚೆ, ನೋಂದಣಿಗೆ ಮೊದಲು ಗಾಡಿ ನೋಡುವ ಒಂದು ತಪಾಸಣಾ ಕೇಂದ್ರ. ಬೆಳಿಗ್ಗೆ ಎಂಟು ಗಂಟೆ. ತಪಾಸಣೆ ಮಾಡುವವರು ಅರವತ್ತರ ಹತ್ತಿರದ ಮನುಷ್ಯ, ಕೈಯಲ್ಲಿ ಟಾರ್ಚು. ಒಳಗೆ ಬಂದು ಮಾತೇ ಆಡಲಿಲ್ಲ. ಹಾಸಿಗೆಯ ಹಲಗೆ ಹಿಡಿದು ಎಳೆದರು. ಕಪಾಟಿನ ಬಾಗಿಲು ಅಲ್ಲಾಡಿಸಿದರು. ಆಮೇಲೆ ಅಡುಗೆ ಎಲ್ಲಿ ಅಂತ ಕೇಳಿದರು. ನಾನು ಡ್ರಾಯರ್ ಎಳೆದು ನಮ್ಮ ಚಿಕ್ಕ ಗ್ಯಾಸ್ ಒಲೆ ತೆಗೆದು ತೋರಿಸಿದೆ. ಎರಡು ವರ್ಷ ಸುಧಾ ಅದರ ಮೇಲೆ ಅವಲಕ್ಕಿ, ಉಪ್ಪಿಟ್ಟು, ಚಹಾ ಎಲ್ಲ ಮಾಡಿದ್ದಳು. ಅವರು ತಲೆ ಅಲ್ಲಾಡಿಸಿದರು. ಡ್ರಾಯರಿನಿಂದ ಎತ್ತಿ ತೆಗೆಯುವ ಒಲೆ ಅವರ ಲೆಕ್ಕಕ್ಕೆ ಸಾಮಾನು, ಗಾಡಿಯ ಭಾಗ ಅಲ್ಲ. ಸರಿ, ಒಂದು ಸ್ಪಿರಿಟ್ ಒಲೆ ತಂದು ಕಟ್ಟೆಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ, ಮುಗಿಯಿತು. ನೀನು ಗ್ಯಾಸ್ ಪೈಪು ಎಳೆದಿದ್ದೀಯ, ಅಲ್ವಾ? ಹಾಗಾದರೆ ಗ್ಯಾಸಿನ ಪರೀಕ್ಷೆ ಬೇರೆ ಇದೆ, ಎರಡು ವರ್ಷಕ್ಕೊಮ್ಮೆ. 2025ರ ಜೂನ್‌ನಿಂದ ಅದು ಕಡ್ಡಾಯ. ಸಿಲಿಂಡರಿನ ಬಾಯಿಯೂ ಅಲ್ಲಿ ಬೇರೆ ಥರ. ಈಗಲೇ ಯೋಚನೆ ಮಾಡಿಕೋ.

ಒಲೆ ಸಣ್ಣ ವಿಷಯ. ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಬೆಂಚಿನ ಕಥೆ.

ನೆನಪಿದೆಯಾ, ನಾನು ಎಲ್ಲ ಕೆಲಸ ನಾನೇ ಮಾಡಿದ್ದೆ, ಹಿಂದಿನ ಬೆಂಚು ಒಂದನ್ನು ಬಿಟ್ಟು. ಸೀಟ್‌ಬೆಲ್ಟ್ ಇರುವ ಕೆಲಸ, ಕಲಿತವರೇ ಮಾಡಲಿ ಅಂತ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ. ದುಡ್ಡು ಜಾಸ್ತಿಯೇ ಆಯಿತು. ಎರಡು ಬೆಲ್ಟು ಹಾಕಿ, ಎಳೆದು ತೋರಿಸಿ, ಪಕ್ಕಾ ಇದೆ ಅಂದಿದ್ದರು. ನಾನು ನಂಬಿದೆ.

ಸ್ಟುಟ್‌ಗಾರ್ಟ್‌ನ ಆ ಮನುಷ್ಯ ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿ ಕೆಳಗೆ ನಿಂತು ನನ್ನನ್ನೂ ಕರೆದರು. ಟಾರ್ಚು ಬಿಟ್ಟು ತೋರಿಸಿದರು. ಬೆಂಚಿನ ಬೋಲ್ಟುಗಳು ನೆಲದ ತಗಡಿನಿಂದ ಕೆಳಗೆ ಬಂದಿದ್ದವು. ಒಂದೊಂದಕ್ಕೂ ಐದು ರೂಪಾಯಿ ನಾಣ್ಯದಷ್ಟು ವಾಷರು, ಒಂದು ನಟ್. ಅಷ್ಟೇ. ಒಂದರ ಸುತ್ತ ತಗಡು ಆಗಲೇ ಸ್ವಲ್ಪ ತಗ್ಗಿ ಬಟ್ಟಲಿನ ಹಾಗೆ ಬಾಗಿತ್ತು, ಅಂಚಿನಲ್ಲಿ ತುಕ್ಕು. ಅವರು ಬೆರಳಿಟ್ಟು ಆ ತಗ್ಗನ್ನು ಮುಟ್ಟಿ ನನ್ನ ಮುಖ ನೋಡಿದರು. ನಾನೂ ಮುಟ್ಟಿದೆ.

ಅಪಘಾತವಾದಾಗ ಮನುಷ್ಯನ ಪೂರ್ತಿ ಭಾರ ಹತ್ತಾರು ಪಟ್ಟಾಗಿ ಆ ಬೆಲ್ಟನ್ನು ಎಳೆಯುತ್ತದೆ. ಬೆಲ್ಟು ಹರಿಯುವುದಿಲ್ಲ. ಅದನ್ನು ಹಿಡಿದಿರುವ ತಗಡು ಹರಿದು, ಬೋಲ್ಟು ವಾಷರಿನ ಸಮೇತ ಮೇಲಕ್ಕೆ ಕಿತ್ತು ಬರುತ್ತದೆ. ಅದಕ್ಕೇ ಕೆಳಗೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು ಚಾಸಿಗೆ ಭಾರ ಹಂಚಬೇಕು, ಮತ್ತು ಆ ಸೀಟು ಎಳೆತದ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಇರಬೇಕು. ವರ್ಕ್‌ಶಾಪಿಗೆ ಫೋನ್ ಮಾಡಿದೆ. ಅಂಥ ಕಾಗದ ಅವರ ಹತ್ತಿರ ಇರಲಿಲ್ಲ.

ಮಹೇಶ, ಎರಡು ವರ್ಷ ನಾನು ಮಗಳನ್ನು ಆ ಬೆಂಚಿನ ಮೇಲೆ ಕೂರಿಸಿ ಓಡಾಡಿದ್ದೆ. ಸ್ಕಾಟ್ಲೆಂಡಿನವರೆಗೆ. ರಾತ್ರಿ, ಮಳೆಯಲ್ಲಿ. ಆ ದಿನ ಮನೆಗೆ ಬಂದು ಸುಧಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮರುದಿನ ಹೇಳಿದೆ.

ಬೆಲ್ಟು ಬಿಚ್ಚಿಸಿದೆ. ಗಾಡಿ ನಿಂತಾಗ ಕೂರಲು ಮಾತ್ರ ಬೆಂಚು ಉಳಿಯಿತು. ಕಾಗದದಲ್ಲಿ ಸೀಟು ಮೂರು, ಮುಂದಿನವು ಮಾತ್ರ. ಮರುವರ್ಷ ಅವ್ವ ಬಂದು ಮೂರು ತಿಂಗಳು ಇದ್ದಳು. ಆ ವ್ಯಾನಿನಲ್ಲಿ ನಾವು ನಾಲ್ವರೂ ಒಮ್ಮೆಯೂ ಒಟ್ಟಿಗೆ ಹೋಗಲಿಲ್ಲ. ಅವ್ವನಿಗೆ ಅದರ ಒಳಗೆ ಕೂತು ಚಹಾ ಕುಡಿಯುವುದು ಇಷ್ಟವಾಗಿತ್ತು, ಮನೆ ಮುಂದೆ ನಿಲ್ಲಿಸಿ ಅಲ್ಲೇ ಕುಡಿಯುತ್ತಿದ್ದಳು.

ಇನ್ನು ಉಳಿದದ್ದನ್ನು ಬೇಗ ಹೇಳುತ್ತೇನೆ. ಗಾಡಿಯ ಕಂಪನಿಗೆ ಚಾಸಿ ನಂಬರ್ ಕೊಟ್ಟು ಸಿಒಸಿ ಅನ್ನುವ ಕಾಗದ ಇಂಗ್ಲೆಂಡಿನಲ್ಲಿ ಇರುವಾಗಲೇ ತರಿಸಿಕೋ. ಅದು ನೀನು ಕೊಂಡಾಗಿನ ಖಾಲಿ ವ್ಯಾನಿನ ಜಾತಕ. ನೀನು ಅದನ್ನು ಬದಲಾಯಿಸಿದ್ದೀಯ, ಆದ್ದರಿಂದ ನಿನ್ನ ಗಾಡಿಯೊಂದನ್ನೇ ಪ್ರತ್ಯೇಕವಾಗಿ ಪೂರ್ತಿ ತಪಾಸಣೆ ಮಾಡಿಸಲೇಬೇಕು. ಆದರೂ ಆ ಕಾಗದ ಇದ್ದರೆ ಕೆಲಸ ಬಹಳ ಹಗುರ. ಹೆಡ್‌ಲೈಟು ಬದಲಿಸಬೇಕು: ಇಂಗ್ಲೆಂಡಿನ ಗಾಡಿಯ ಡಿಪ್ ಬೆಳಕು ಎಡಕ್ಕೆ ಏರುತ್ತದೆ, ಅಲ್ಲಿ ಬಲಕ್ಕೆ ಏರಬೇಕು. ಪ್ರವಾಸಕ್ಕೆ ಹೋದಾಗ ಅಂಟಿಸುವ ಸ್ಟಿಕ್ಕರು ನೋಂದಣಿಗೆ ಸಾಲದು. ನಾನು ಗುಜರಿಯಲ್ಲಿ ಹುಡುಕಿ ಜೋಡಿ ತಂದೆ. ಹಿಂದಿನ ಫಾಗ್ ಲೈಟು ಎಡಕ್ಕೋ ನಡುವೆಯೋ ಇರಬೇಕು, ನಿನ್ನದು ಬಲಕ್ಕೆ ಇರಬಹುದು. ಸರಿಯುವ ಬಾಗಿಲು ಎಡಕ್ಕಿದೆ, ಅಂದರೆ ಅಲ್ಲಿ ರಸ್ತೆಯ ಕಡೆಗೆ ತೆರೆಯುತ್ತದೆ. ಅದಕ್ಕೆ ಏನೂ ಮಾಡಲಾಗದು, ಮಕ್ಕಳಿಗೆ ಮಾತ್ರ ರೂಢಿ ಮಾಡಿಸು. ಹೊರಡುವ ಮೊದಲು ನೀರು ತುಂಬಿ ಒಮ್ಮೆ ಕಾಟಾ ಮೇಲೆ ನಿಲ್ಲಿಸು. ಅಲ್ಲಿ ಕಾರಿನ ಲೈಸೆನ್ಸಿನಲ್ಲಿ 3.5 ಟನ್‌ವರೆಗಿನ ಗಾಡಿ ಓಡಿಸಬಹುದು, ವರ್ಷದ ತೆರಿಗೆಯೂ ತೂಕ ಮತ್ತು ಹೊಗೆಯ ದರ್ಜೆ ನೋಡಿ ಬೀಳುತ್ತದೆ.

ಕಸ್ಟಮ್ಸ್ ಮರೆಯಬೇಡ. ಬ್ರಿಟನ್ ಈಗ ಹೊರಗಿನ ದೇಶ. ನೀನು 12 ತಿಂಗಳಾದರೂ ಯುರೋಪ್ ಒಕ್ಕೂಟದ ಹೊರಗೆ ವಾಸ ಮಾಡಿರಬೇಕು, ಗಾಡಿ 6 ತಿಂಗಳಾದರೂ ನಿನ್ನ ಕೈಯಲ್ಲಿ ಓಡಿರಬೇಕು, ವಾಸ ಬದಲಿಸಿದ 12 ತಿಂಗಳೊಳಗೆ ತರಬೇಕು. ಹಾಗಿದ್ದರೆ ಮನೆ ಸಾಮಾನಿನ ಜೊತೆ ಅದಕ್ಕೂ ಮಾಫಿ ಸಿಗುತ್ತದೆ. ಆಮೇಲೆ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಮಾಫಿ ತಪ್ಪಿದರೆ ಸುಂಕ, ಅದರ ಮೇಲೆ 19 ಪರ್ಸೆಂಟ್ ವ್ಯಾಟ್. ಹಳೆಯ ಬಾಡಿಗೆ ಕರಾರು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಇನ್ಶೂರೆನ್ಸ್ ಕಾಗದ ಯಾವುದನ್ನೂ ಎಸೆಯಬೇಡ. ವಿ5ಸಿಯಲ್ಲಿ ಕಾಯಂ ರಫ್ತಿನ ಭಾಗವನ್ನು ತುಂಬಿ ಡಿವಿಎಲ್‌ಎಗೆ ಕಳಿಸಿ, ಉಳಿದ ಪುಟಗಳನ್ನು ಜೋಪಾನ ಮಾಡು. ಅಲ್ಲಿ ನೋಂದಣಿಗೆ ಅವೇ ಬೇಕು.

ವ್ಯಾನ್ ಈಗ ಎಲ್ಲಿ ಅಂತ ನೀನು ಕೇಳುತ್ತೀಯ. 2024ರಲ್ಲಿ ವಾಪಸ್ ಬರುವಾಗ ಪುಣೆಗೆ ತರಬೇಕು ಅಂತ ಬಹಳ ಆಸೆ ಇತ್ತು. ಸ್ಟೀರಿಂಗು ಬಲಕ್ಕೇ ಇತ್ತು, ನಮ್ಮ ದೇಶಕ್ಕೆ ಸರಿ. ಆದರೆ ಇಲ್ಲಿಗೆ ತರುವ ಹಳೆಯ ಗಾಡಿ ತಯಾರಾಗಿ 3 ವರ್ಷ ದಾಟಿರಬಾರದು, ಮುಂಬಯಿ ಬಂದರಿನಲ್ಲೇ ಇಳಿಯಬೇಕು, ಆಮೇಲೆ ಎಆರ್‌ಎಐನಂಥ ಕಡೆ ಪರೀಕ್ಷೆ ಆಗಬೇಕು. ನನ್ನದು 2014ರ ಗಾಡಿ. ಅಲ್ಲೇ ಮಾರಿ ಬಂದೆ. ಈಗ ದಿನಾ ಬೆಳಿಗ್ಗೆ ಅದೇ ಎಆರ್‌ಎಐ ಕಾಂಪೌಂಡಿನ ಪಕ್ಕ ವಾಕಿಂಗ್ ಹೋಗುತ್ತೇನೆ, ದಿನಾ ಅದರ ನೆನಪಾಗುತ್ತದೆ. ಕೊಂಡವರಿಗೆ ಬೆಂಚಿನ ವಿಷಯ ಬಿಡಿಸಿ ಹೇಳಿ, ತಪಾಸಣೆಯ ವರದಿ ಕೊಟ್ಟೇ ಕೀಲಿ ಕೊಟ್ಟೆ.

ನನ್ನ ಫೈಲು ಇನ್ನೂ ಇದೆ, ಎಲ್ಲ ಪುಟದ ಫೋಟೋ ನಿನಗೆ ಕಳಿಸುತ್ತೇನೆ. ಅತ್ತಿಗೆಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುದ್ದು.

ಈ ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಎಲ್ಲೋ ಹೊರಡುತ್ತೇವೆ ಅಂತ ನೀನು ಹೇಳಿದ್ದೆ. ಅದಕ್ಕೆ ಮೊದಲು ಒಂದು ಟಾರ್ಚು ಹಿಡಿದು ಗಾಡಿಯ ಕೆಳಗೆ ನುಗ್ಗು. ಹಿಂದಿನ ಸೀಟಿನ ಬೋಲ್ಟುಗಳ ಫೋಟೋ ತೆಗೆದು ನನಗೆ ಕಳಿಸು. ನಾನು ನೋಡಿ ಹೇಳುವವರೆಗೆ ಅವರನ್ನು ಹಿಂದೆ ಕೂರಿಸಬೇಡ.

ನಿನ್ನ,
ವಿನಾಯಕ