ಶ್ರೀಲಂಕಾದ ಮತಪತ್ರದಲ್ಲಿರುವ ಆಯ್ಕೆ ನಮಗೇಕಿಲ್ಲ?

ಮಾನ್ಯ ಸಂಪಾದಕರೇ,

2024ರ ನವೆಂಬರ್ 14ರಂದು ನಡೆದ ಶ್ರೀಲಂಕಾ ಸಂಸತ್ ಚುನಾವಣೆಯಲ್ಲಿ ಅಧ್ಯಕ್ಷ ಅನುರ ಕುಮಾರ ದಿಸ್ಸಾನಾಯಕೆ ಅವರ ನ್ಯಾಷನಲ್ ಪೀಪಲ್ಸ್ ಪವರ್ (ಎನ್‌ಪಿಪಿ) ಮೈತ್ರಿಕೂಟವು 225ರಲ್ಲಿ 159 ಸ್ಥಾನ ಗೆದ್ದಿತು. ಹಿಂದಿನ ಸಂಸತ್ತಿನಲ್ಲಿ ಕೇವಲ 3 ಸ್ಥಾನವಿದ್ದ ಕೂಟವೊಂದು ಮೂರನೇ ಎರಡಕ್ಕೂ ಮಿಗಿಲಾದ ಬಹುಮತ ಪಡೆದದ್ದು ದೊಡ್ಡ ಸುದ್ದಿಯೇ ಸರಿ. ಆದರೆ ಗೆದ್ದವರ ಕುರಿತು ಓದಲು ಸಿಕ್ಕಷ್ಟು ವಿವರ, ಆ ದೇಶದ ಮತದಾರ ಮತ ಹಾಕುವ ಬಗೆಯ ಕುರಿತು ಸಿಗಲಿಲ್ಲ. ಶಿಕ್ಷಕನಾಗಿ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಕರ್ತವ್ಯ ನಿರ್ವಹಿಸಿದ ನನಗೆ ಫಲಿತಾಂಶಕ್ಕಿಂತ ಆ ಮತಪತ್ರವೇ ಹೆಚ್ಚು ಮುಖ್ಯವೆನಿಸಿದೆ.

ಅಲ್ಲಿ 22 ಚುನಾವಣಾ ಜಿಲ್ಲೆಗಳಿಂದ 196 ಸದಸ್ಯರು ಆಯ್ಕೆಯಾಗುತ್ತಾರೆ. ಉಳಿದ 29 ಸ್ಥಾನಗಳು ಇಡೀ ದೇಶದಲ್ಲಿ ಪಕ್ಷಗಳು ಗಳಿಸಿದ ಮತಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ. ಮತದಾರ ಮೊದಲು ಪಕ್ಷದ ಚಿಹ್ನೆಯ ಎದುರು ಗುಣಾಕಾರದ ಗುರುತು ಹಾಕುತ್ತಾನೆ. ಬಳಿಕ ಮತಪತ್ರದ ಕೆಳಭಾಗದಲ್ಲಿ ಸಾಲಾಗಿ ಮುದ್ರಿಸಿರುವ ಅಭ್ಯರ್ಥಿಗಳ ಸಂಖ್ಯೆಗಳಲ್ಲಿ, ಅದೇ ಪಕ್ಷದ ಮೂವರವರೆಗೆ ತನಗೆ ಬೇಕಾದವರನ್ನು ಗುರುತಿಸಬಹುದು. ಪಕ್ಷಕ್ಕೆ ಎಷ್ಟು ಸ್ಥಾನವೆಂಬುದು ಮೊದಲ ಗುರುತಿನಿಂದಲೂ, ಆ ಸ್ಥಾನಗಳಲ್ಲಿ ಯಾರು ಕೂರಬೇಕೆಂಬುದು ಎರಡನೆಯ ಗುರುತಿನಿಂದಲೂ ತೀರ್ಮಾನವಾಗುತ್ತದೆ. ಈಗಿನ ಪ್ರಧಾನಿ ಹರಿಣಿ ಅಮರಸೂರ್ಯ ಅವರಿಗೆ ಕೊಲಂಬೊ ಜಿಲ್ಲೆಯಲ್ಲಿ ಬಿದ್ದ ಆರೂವರೆ ಲಕ್ಷಕ್ಕೂ ಹೆಚ್ಚು ಆದ್ಯತಾ ಮತಗಳು (ಎರಡನೆಯ ಗುರುತಿನ ಮತಗಳು) ಹೀಗೆ ಬಂದವು.

ಕಳೆದ ವಿಧಾನಸಭಾ ಚುನಾವಣೆಯ ಮುನ್ನಾ ದಿನಗಳಲ್ಲಿ ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ, ಮೆಕ್ಕೆಜೋಳದ ಚೀಲಗಳ ಮೇಲೆ ಕುಳಿತಿದ್ದ ಜಗಳೂರು ಕಡೆಯ ರೈತರೊಬ್ಬರು ನನಗೆ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ: "ಗುರ್ತು ನಮ್ದೇ ಐತಿ ಮೇಷ್ಟ್ರೇ, ಆಳು ಮಾತ್ರ ನಮ್ದಲ್ಲ." ಪಕ್ಷ ಬಿಡಲಾರದ, ಅಭ್ಯರ್ಥಿಯನ್ನು ಒಪ್ಪಲಾರದ ಆ ಮತದಾರನಿಗೆ ನಮ್ಮ ಪದ್ಧತಿಯಲ್ಲಿ ದಾರಿಯೇ ಇಲ್ಲ. ಟಿಕೆಟ್ ಯಾರಿಗೆಂದು ಬೆಂಗಳೂರು, ದೆಹಲಿಗಳಲ್ಲಿ ನಿರ್ಧಾರವಾದ ಮೇಲೆ ಅವನಿಗೆ ಉಳಿಯುವುದು ಒಪ್ಪಿಕೊಳ್ಳುವುದು, ಇಲ್ಲವೇ ನೋಟಾ ಒತ್ತುವುದು.

ಶ್ರೀಲಂಕಾದಲ್ಲೂ ಹಿಂದೆ ನಮ್ಮಂತೆಯೇ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿ ಇತ್ತು. 1977ರ ಚುನಾವಣೆಯಲ್ಲಿ ಶೇ 51ರಷ್ಟು ಮತ ಪಡೆದ ಯುನೈಟೆಡ್ ನ್ಯಾಷನಲ್ ಪಾರ್ಟಿ (ಯುಎನ್‌ಪಿ) 168ರಲ್ಲಿ 140 ಸ್ಥಾನ ಬಾಚಿಕೊಂಡರೆ, ಶೇ 30ರ ಹತ್ತಿರ ಮತ ಪಡೆದ ಶ್ರೀಲಂಕಾ ಫ್ರೀಡಂ ಪಾರ್ಟಿಗೆ ದಕ್ಕಿದ್ದು ಬರೀ 8. ಮರುವರ್ಷದ ಸಂವಿಧಾನವು ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು, ಅಂದರೆ ಗಳಿಸಿದ ಮತಕ್ಕೆ ತಕ್ಕಂತೆ ಪಕ್ಷಗಳಿಗೆ ಸ್ಥಾನ ಹಂಚುವ ಪದ್ಧತಿಯನ್ನು, ತಂದಿತು. ಅದರಡಿ ಮೊದಲ ಸಂಸತ್ ಚುನಾವಣೆ ನಡೆದದ್ದು 1989ರಲ್ಲಿ. ನಮ್ಮ ರಾಜ್ಯದ ಲೆಕ್ಕವನ್ನೂ ಒಮ್ಮೆ ನೋಡಬೇಕು. 2018ರಲ್ಲೂ 2023ರಲ್ಲೂ ಬಿಜೆಪಿಗೆ ಬಿದ್ದದ್ದು ಶೇ 36ರ ಆಸುಪಾಸಿನ ಮತವೇ. ಆದರೆ ಸ್ಥಾನಗಳು 104ರಿಂದ 66ಕ್ಕೆ ಇಳಿದವು. 2023ರಲ್ಲಿ ಕಾಂಗ್ರೆಸ್ ಸುಮಾರು ಶೇ 43ರಷ್ಟು ಮತಕ್ಕೆ 135 ಸ್ಥಾನ ಪಡೆಯಿತು. ಯಾವ ಪಕ್ಷದ ಪರ ಅಥವಾ ವಿರುದ್ಧವೂ ಇದನ್ನು ಹೇಳುತ್ತಿಲ್ಲ. ದಾವಣಗೆರೆ ಜಿಲ್ಲೆಯ 7 ಕ್ಷೇತ್ರಗಳಲ್ಲಿ ಆಗ ಸೋತ ಅಭ್ಯರ್ಥಿಗಳಿಗೆ ಬಿದ್ದ ಮತಗಳೂ ಜನರು ಬಿಸಿಲಲ್ಲಿ ಸರದಿ ನಿಂತು ಹಾಕಿದ ಮತಗಳೇ. ಅವುಗಳ ದನಿ ವಿಧಾನಸಭೆಗೆ ತಲುಪಲಿಲ್ಲವೆಂಬುದಷ್ಟೇ ನನ್ನ ಕಳವಳ.

ಶ್ರೀಲಂಕಾದ ಪದ್ಧತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಜಿಲ್ಲೆಯಲ್ಲಿ ಮೊದಲ ಸ್ಥಾನ ಪಡೆದ ಪಕ್ಷಕ್ಕೆ ಒಂದು ಹೆಚ್ಚುವರಿ ಸ್ಥಾನ ಕೊಡುವ, ಶೇ 5ಕ್ಕಿಂತ ಕಡಿಮೆ ಮತ ಪಡೆದವರನ್ನು ಕೈಬಿಡುವ ನಿಯಮಗಳಿಂದಾಗಿ, ಮತಗಳು ಹಲವು ತಮಿಳು ಪಕ್ಷಗಳ ನಡುವೆ ಚದುರಿಹೋಗಿದ್ದ ಜಾಫ್ನಾದಲ್ಲಿ ಎನ್‌ಪಿಪಿ ಕಾಲು ಭಾಗದಷ್ಟು ಮತಕ್ಕೇ 6ರಲ್ಲಿ 3 ಸ್ಥಾನ ಪಡೆಯಿತು. ಆದ್ಯತಾ ಮತಕ್ಕಾಗಿ ಒಂದೇ ಪಕ್ಷದವರು ಪರಸ್ಪರ ಕಾದಾಡುವುದೂ ಉಂಟು. 2024ರಲ್ಲಿ ದೇಶದಾದ್ಯಂತ ಆರು ಲಕ್ಷಕ್ಕೂ ಹೆಚ್ಚು ಮತಗಳು ತಿರಸ್ಕೃತವಾದದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಎಣಿಕೆಯ ಮೇಜಿನ ಮೇಲೆ ಎರಡು ಚಿಹ್ನೆಗಳ ನಡುವಿನ ಗೆರೆಗೆ ಮುದ್ರೆ ಬಿದ್ದ ಮತಪತ್ರವನ್ನು ಬದಿಗಿಡುವಾಗ ಆಗುವ ಸಂಕಟ, ಮತಯಂತ್ರಗಳು ಬರುವ ಮುಂಚೆ ಆ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಕ್ಷೇತ್ರ ಪುನರ್ವಿಂಗಡಣೆಯಿಂದ ದಕ್ಷಿಣದ ರಾಜ್ಯಗಳಿಗೆ ಎಷ್ಟು ಸ್ಥಾನ ಕಡಿಮೆಯಾದೀತೆಂಬ ಚರ್ಚೆ ಬಿಸಿಯೇರಿರುವ ಈ ಹೊತ್ತಿನಲ್ಲಿ, ಇರುವ ಸ್ಥಾನಗಳಿಗೆ ನಾವು ಪ್ರತಿನಿಧಿಗಳನ್ನು ಆರಿಸುವ ಕ್ರಮವೂ ಚರ್ಚೆಗೆ ಬರಬೇಕು. ತಾವು ಶ್ರೀಲಂಕಾದ ಮತಪತ್ರದ ಮಾದರಿಯನ್ನು ಕನ್ನಡ ವಿವರಣೆಯೊಂದಿಗೆ, ಸಾಧ್ಯವಾದರೆ ಜಿಲ್ಲಾ ಆವೃತ್ತಿಗಳ ಪುಟದಲ್ಲೇ, ಪ್ರಕಟಿಸಬೇಕೆಂದು ಕೋರುತ್ತೇನೆ. ಎಪಿಎಂಸಿಯಲ್ಲಿ ಆ ರೈತರು ಮತ್ತೆ ಸಿಕ್ಕರೆ ನಾನೇ ಅದನ್ನು ಅವರ ಮುಂದೆ ಬಿಡಿಸಿಟ್ಟು ತೋರಿಸುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ದಾವಣಗೆರೆ