ಚಿಕ್ಕಜ್ಜನ ಫೋಟೋ ಎಲ್ಲಿಯದು?

ಸಿಂಗಪುರ

ತೀರ್ಥರೂಪ ಅಪ್ಪಯ್ಯನಿಗೆ ಸಾಷ್ಟಾಂಗ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ. ಈ ವರ್ಷ ಅಡಿಕೆ ಕೊನೆ ಇಳಿಸಲು ಕೊನೆಗೌಡರು ಸಿಕ್ಕರೋ ಇಲ್ಲವೋ, ಕೊಯ್ಲು ಎಲ್ಲಿಗೆ ಬಂತು, ಬರೆಯಿರಿ.

ಅಟ್ಟದ ಪೆಟ್ಟಿಗೆಯಲ್ಲಿದ್ದ ಚಿಕ್ಕಜ್ಜನ ಫೋಟೋವನ್ನು ಎರಡೂ ಬದಿ ಸ್ಕ್ಯಾನ್ ಮಾಡಿಸಿ ಕಳಿಸಿದ್ದು ಒಳ್ಳೆಯದಾಯಿತು. ಶಿವಮೊಗ್ಗದ ಚಿಕ್ಕಪ್ಪ ಅದನ್ನು 'ಆಜಾದ್ ಹಿಂದ್ ಫೌಜಿನ ಯೋಧ' ಎಂದು ಸ್ಮರಣ ಸಂಚಿಕೆಗೆ ಕೊಡಲು ಹೊರಟಿದ್ದಾರಂತೆ. ದಯವಿಟ್ಟು ತಡೆಯಿರಿ.

ಟೋಪಿಯ ಬಿಲ್ಲೆಯನ್ನು ದೊಡ್ಡದು ಮಾಡಿ ನೋಡಿದೆ. ಮಸುಕಾಗಿದ್ದರೂ ಎರಡು ತಲೆಯ ಹಕ್ಕಿ ಕಾಣುತ್ತದೆ. ಗಂಡಭೇರುಂಡ ಮೈಸೂರು ಸಂಸ್ಥಾನದ ಲಾಂಛನ. ಅಂದರೆ ಚಿಕ್ಕಜ್ಜ ಇದ್ದದ್ದು ಮಹಾರಾಜರ ಸೈನ್ಯದಲ್ಲಿ. ಮೈಸೂರು ಇನ್‌ಫೆಂಟ್ರಿಯ ತುಕಡಿಯೊಂದು ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದಿತ್ತು. ಹಿಂಬದಿಯ ಸ್ಟುಡಿಯೋ ಮೊಹರಿನಲ್ಲಿ ಹೆಸರು ಅಳಿಸಿದೆ, 'ಮಿಡಲ್ ರೋಡ್, ಸಿಂಗಪುರ' ಎಂಬುದು ಮಾತ್ರ ಉಳಿದಿದೆ. 1942ರ ಫೆಬ್ರವರಿ 15ರಂದು ಬ್ರಿಟಿಷರು ಶರಣಾದ ಮೇಲೆ ಜಪಾನಿಯರು ಊರಿಗೆ ಶೋನಾನ್ ಎಂದು ಹೆಸರಿಟ್ಟರು. ಹಾಗಾಗಿ ಫೋಟೋ ಅದಕ್ಕಿಂತ ಮೊದಲಿನದು. ಯುದ್ಧ ಮುಗಿದ ಮೇಲೆ ತೆಗೆದದ್ದಿರಬಹುದಲ್ಲ ಎಂದು ಚಿಕ್ಕಪ್ಪ ಕೇಳಿಯೇ ಕೇಳುತ್ತಾರೆ. ಮೂರೂವರೆ ವರ್ಷ ಜಪಾನಿಯರ ಸೆರೆಯಲ್ಲಿದ್ದವರ ಕೆನ್ನೆ ಹೀಗೆ ತುಂಬಿಕೊಂಡಿರುತ್ತದೆಯೇ? ಯುದ್ಧಕ್ಕೆ ಮೊದಲು ಆ ರಸ್ತೆಯ ಸುತ್ತ ಜಪಾನಿಯರ ಅಂಗಡಿಗಳೇ ಹೆಚ್ಚಿದ್ದವು. ಕ್ಯಾಮೆರಾ ಹಿಡಿದವನೂ ಜಪಾನಿಯೇ ಇದ್ದಿರಬಹುದು!

ನೇತಾಜಿ ಸಿಂಗಪುರಕ್ಕೆ ಬಂದು ಆಜಾದ್ ಹಿಂದ್ ಫೌಜಿನ ನೇತೃತ್ವ ವಹಿಸಿದ್ದು 1943ರ ಜುಲೈಯಲ್ಲಿ. ಸೆರೆಯಾದ ಭಾರತೀಯ ಸೈನಿಕರಲ್ಲಿ ಸಾವಿರಾರು ಮಂದಿ ಫೌಜಿಗೆ ಸೇರಿದರು, ಸಾವಿರಾರು ಮಂದಿ ಸೇರಲಿಲ್ಲ. ಚಿಕ್ಕಜ್ಜ ಯಾವ ಕಡೆಯವರು ಎಂಬುದನ್ನು ಈ ಫೋಟೋ ಹೇಳಲಾರದು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳಿವೆ, ಬೆಂಗಳೂರಿಗೆ ಹೋದಾಗ ಚಿಕ್ಕಪ್ಪ ಅಲ್ಲಿ ವಿಚಾರಿಸಲಿ. ಸೇರಿರದಿದ್ದರೂ ಅವರ ಮರ್ಯಾದೆಗೇನೂ ಕುಂದಿಲ್ಲ.

ನನಗೆ ಕುತೂಹಲ ಪಕ್ಕದಲ್ಲಿ ನಿಂತ ಇನ್ನೊಬ್ಬರ ಬಗ್ಗೆ. ಅವರ ಕೈ ಚಿಕ್ಕಜ್ಜನ ಹೆಗಲ ಮೇಲಿದೆ, ಅಂಗಿ ಒಂದು ಅಳತೆ ದೊಡ್ಡದು. ಚಿಕ್ಕಜ್ಜ ಊರಿಗೆ ಮರಳಿದರು, ತೋಟ ಮಾಡಿದರು. ಇವರು? ಇಲ್ಲಿನ ಕ್ರಾಂಜಿ ಯುದ್ಧ ಸ್ಮಾರಕದ ಗೋಡೆಗಳಲ್ಲಿ, ಸಮಾಧಿಯೇ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ್ದಾರೆ. ದಹನ ಸಂಸ್ಕಾರವಾದ ಸೈನಿಕರಿಗೆ ಬೇರೆಯೇ ಸ್ಮಾರಕವಿದೆ. ಹೋಗಿ ನೋಡಿ ಬಂದೆ, ಆದರೆ ಹೆಸರೇ ತಿಳಿಯದೆ ಹುಡುಕುವುದೇನನ್ನು? ಸಾಗರದ ದೊಡ್ಡತ್ತೆಗೆ ಫೋಟೋ ತೋರಿಸಿ ಕೇಳಿ. ಅವರಿಗೆ ನೆನಪಾದದ್ದನ್ನು ಬೇರೆ ಕಾಗದದಲ್ಲಿ ಬರೆದಿಡಿ, ಫೋಟೋದ ಬೆನ್ನ ಮೇಲೆ ಬೇಡ.

ಜಗಲಿಯಲ್ಲಿ ತೂಗುಹಾಕಿರುವ ಗುಂಪು ಫೋಟೋ ಮಳೆಗಾಲದ ಥಂಡಿಗೆ ಗಾಜಿಗೆ ಅಂಟಿಕೊಂಡಿದೆಯಲ್ಲ, ಅದನ್ನು ಕೀಳಲು ಹೋಗಬೇಡಿ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.

ಅಮ್ಮನಿಗೆ ನಮಸ್ಕಾರಗಳು. ಚಿಕ್ಕಪ್ಪನಿಗೆ ಈ ವಿಷಯ ನೀವೇ ಹೇಳಿ. ನಾನು ಹೇಳಿದರೆ ಜಗಳವಾಗುತ್ತದೆ.

ಇಂತಿ ನಿಮ್ಮ ಮಗಳು