ಕತ್ತರಿಸಿದ ಆರು ಇಂಚು

ಪ್ರೀತಿಯ ಗೆಳೆಯಾ,

ಮೊಂಟಾನಾದಿಂದ ನೀನು ಕಳಿಸಿದ ಫೋಟೊಗಳನ್ನು ಹೆಬ್ರಿಯ ಮನೆಯ ಜಗಲಿಯಲ್ಲಿ ಕುಳಿತು ನೋಡಿದೆ. ನಿನ್ನ ಮಾವ ಕೊಟ್ಟ ಹಳೆಯ ವಿಂಚೆಸ್ಟರ್ 1894 ಬಂದೂಕು ಈಗ ಗಿಡ್ಡವಾಗಿದೆ, ಹಗುರವಾಗಿದೆ, ಚೆಂದವೂ ಆಗಿದೆ. 26 ಇಂಚಿನ ನಳಿಗೆ 20ಕ್ಕೆ ಇಳಿದಿದೆ. ಪೊದೆಗಳ ನಡುವೆ ನುಸುಳುವವನಿಗೆ ಅಷ್ಟೇ ಸಾಕು, ಒಪ್ಪುತ್ತೇನೆ. ಜಾನ್ ಬ್ರೌನಿಂಗ್ ರೂಪಿಸಿದ ಈ ಬಂದೂಕನ್ನು ಕಂಪನಿಯೇ 20 ಇಂಚಿನ ಕಾರ್ಬೈನ್, ಅಂದರೆ ಗಿಡ್ಡ ನಳಿಗೆಯ ಬಂದೂಕು ಆಗಿಯೂ ಮಾರುತ್ತಿತ್ತಲ್ಲ. ಕತ್ತರಿಸಿದ ನಳಿಗೆಯ ಬಾಯಿಯ ಅಂಚನ್ನು ಸುತ್ತಲೂ ಸಮನಾಗಿ ತೀಡಿಸಿದ್ದೀಯ. ಅಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಮದ್ದಿನ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡು ದಾರಿ ತಪ್ಪುತ್ತದೆ. ಕೆಳಗಿನ ತೋಟೆ ತುಂಬುವ ಕೊಳವೆಯೂ ಮೊಟಕಾಗಿದೆ, ಮುಂದಿನ ಗುರಿಕಣ್ಣು ಹಿಂದಕ್ಕೆ ಸರಿದು ನೆಟ್ಟಗೆ ಕೂತಿದೆ. ಅಚ್ಚುಕಟ್ಟು ಕೆಲಸ.

ಆದರೆ ಮಾರಾಯ, ಕೊನೆಯ ಫೋಟೊದಲ್ಲಿ ಮೇಜಿನ ಮೂಲೆಗೆ ಬಿದ್ದಿರುವ ಆ ಆರು ಇಂಚಿನ ತುಂಡು ನನ್ನನ್ನು ಬಿಡುತ್ತಿಲ್ಲ.

ಅಪ್ಪಯ್ಯನ ಕೋವಿ ನಿನಗೆ ನೆನಪಿದೆಯಲ್ಲ? ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯದು. ತುಂಬಾ ಉದ್ದವಾಯಿತು, ತುಸು ಕತ್ತರಿಸೋಣ ಎಂದು ನಾನೆಂದಾಗ ಅವರು ರೇಗಿದ್ದರು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 6ರಂತೆ ನಳಿಗೆ ಮೊಟಕು ಮಾಡಲೂ ಪರವಾನಗಿ ಬೇಕು. ಆದರೆ ಅವರು ರೇಗಿದ್ದು ಅದಕ್ಕಲ್ಲ. ಮರದ ಹಿಡಿಯಲ್ಲಿ ಕೆನ್ನೆ ಒರಗುವ ಕಡೆ ಪಾಲಿಶ್ ಸವೆದು ಒಣ ಅಡಿಕೆಯ ಬಣ್ಣ ಬಂದಿತ್ತು. ಅಲ್ಲಿ ಮೊದಲು ಅಜ್ಜನ ಕೆನ್ನೆ, ಆಮೇಲೆ ಅವರದು. ಹಂದಿ ಬಂದ ರಾತ್ರಿ ಆಕಾಶಕ್ಕೊಂದು ಈಡು ಹಾರಿಸಿ, ಒಳಗೆ ಬಂದು, ತೆಂಗಿನೆಣ್ಣೆ ಅದ್ದಿದ ಬಟ್ಟೆಯಿಂದ ಅದನ್ನು ಒರಸದೆ ಮಲಗುತ್ತಿರಲಿಲ್ಲ.

2024ರ ಲೋಕಸಭಾ ಚುನಾವಣೆಗೆ ಮುಂಚೆ ಕೋವಿಯಿದ್ದ ಹಲವರಂತೆ ಅವರೂ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಫಲಿತಾಂಶ ಬರುವ ಮೊದಲೇ ತೀರಿಕೊಂಡರು. ಪರವಾನಗಿಗೆ ನಾನು ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಕಚೇರಿ ಅಲೆಯಲು ಬಿಡುವಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ, ಆ ಸವೆದ ಜಾಗಕ್ಕೆ ನನ್ನ ಕೆನ್ನೆ ಒಡ್ಡುವ ಧೈರ್ಯ ಬರಲಿಲ್ಲ. ಮಂಗಳೂರಿನ ಕೋವಿ ಅಂಗಡಿಯೊಂದಕ್ಕೆ ಮಾರಿದೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಮಳೆ ಹಿಡಿದಾಗಲೆಲ್ಲ, “ಠಾಣೆಯಲ್ಲಿ ತುಕ್ಕು ಹಿಡಿಯುವುದಿಲ್ಲವೇ?” ಎಂದು ಕೇಳುತ್ತಾರೆ. “ಇಲ್ಲಮ್ಮ, ಎಣ್ಣೆ ಹಾಕಿಸಿದ್ದೇನೆ” ಎನ್ನುತ್ತೇನೆ.

ಇಷ್ಟು ಮಂದಿ ಓದುವ ಕಡೆ ಇದನ್ನು ಬರೆಯಬೇಕೆಂದಿರಲಿಲ್ಲ. ಬರೆದಾಯಿತು. ಚಿಕ್ಕಮ್ಮನ ಕಣ್ಣಿಗೆ ಬೀಳುವ ಮೊದಲು ನಾನೇ ಅಮ್ಮನ ಬಳಿ ಹೋಗಿ ಕೂರಬೇಕು. ನೀನು ಮಾತ್ರ ಆ ತುಂಡನ್ನು ಎಸೆಯಬೇಡ. ಒಂದು ಡಬ್ಬಿಯಲ್ಲಿಡು, ಮಾವನಿಗೆ ಕಾಣುವ ಹಾಗೆ.

ಇರಲಿ. ನಮ್ಮ ಮೂರನೇ ಗೆಳೆಯ ನಿನ್ನೆ ಸೋಡಾ ಅಂಗಡಿಯ ಮುಂದೆ ಸಿಕ್ಕಿದ. ನಿನ್ನ ಫೋಟೊ ನೋಡಿದವನೇ, “ಕೋವಿ ಗಿಡ್ಡವಾದರೆ ಹಂದಿಯೂ ಗಿಡ್ಡವಾಗಬೇಕಲ್ಲ?” ಎಂದ. ಡಿಸೆಂಬರಿನಲ್ಲಿ ಬಂದಾಗ ಉತ್ತರ ನೀನೇ ಕೊಡು. ಗೋಳಿಬಜೆ ಅವನ ಲೆಕ್ಕದಲ್ಲಿ.

ನಿನ್ನ
ಜಗಲಿಯ ಗೆಳೆಯ